ಓವನ್ ಬಾಗಿಲು ಮುಚ್ಚಿದ ಮೇಲೆ

ಸಾರು ಮಾಡುವುದಕ್ಕೆ ಪುಸ್ತಕ ಬೇಕಿಲ್ಲ. ಉಪ್ಪು ಕಡಿಮೆಯಾದರೆ ಹಾಕಿಕೊಳ್ಳಬಹುದು, ಹುಳಿ ಹೆಚ್ಚಾದರೆ ಚೂರು ಬೆಲ್ಲ, ಖಾರ ಮುಂದಾದರೆ ಇನ್ನೊಂದಿಷ್ಟು ಬೇಳೆಕಟ್ಟು. ಕುದಿಯುತ್ತಿರುವಾಗಲೇ ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು ರುಚಿ ನೋಡುವ ಅವಕಾಶ ಕೊನೆಯವರೆಗೂ ಇರುತ್ತದೆ. ಕೇಕಿಗೆ ಈ ಸೌಲಭ್ಯವಿಲ್ಲ. ಹಿಟ್ಟನ್ನು ಟಿನ್ನಿಗೆ ಸುರಿದು ಓವನ್ ಬಾಗಿಲು ಮುಚ್ಚಿದರೆ ಮುಗಿಯಿತು. ಆಮೇಲಿನ ಮುಕ್ಕಾಲು ಗಂಟೆ ಮಾಡಿದವರ ನಾಲಗೆಗೂ ಕೈಗೂ ಅಲ್ಲಿ ಕೆಲಸವಿಲ್ಲ. ಒಳಗೆ ಗಾಳಿಗುಳ್ಳೆಗಳು ಹಿಗ್ಗಬೇಕು, ಅವು ಒಡೆಯುವ ಮೊದಲೇ ಮೊಟ್ಟೆಯ ಪ್ರೋಟೀನು ಗಟ್ಟಿಯಾಗಬೇಕು, ಹಿಟ್ಟಿನ ಪಿಷ್ಟ ನೀರು ಹೀರಿಕೊಂಡು ಆ ಗುಳ್ಳೆಗಳ ಸುತ್ತ ಗೋಡೆ ಕಟ್ಟಬೇಕು. ಬೇಕಿಂಗ್ ಪೌಡರ್ ಒಂದು ಚಮಚ ಮುಂದಾಗಿದ್ದರೆ ಕೇಕು ಭರದಿಂದ ಉಬ್ಬಿ ನಡುವೆ ಕುಸಿಯುತ್ತದೆ. ಅದು ಕಣ್ಣಿಗೆ ಬೀಳುವ ಹೊತ್ತಿಗೆ ಮಾಡುವುದೇನೂ ಉಳಿದಿರುವುದಿಲ್ಲ.

ಬೇಕಿಂಗ್ ಕುರಿತು ಇಷ್ಟೊಂದು ಪುಸ್ತಕಗಳು ಯಾಕಿವೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ ಎಂಬುದು ನನ್ನ ಎಣಿಕೆ. ದೊಡ್ಡ ಇಂಗ್ಲಿಷ್ ಪುಸ್ತಕದಂಗಡಿಗಳಲ್ಲಿ ಇವುಗಳಿಗೆಂದೇ ಒಂದು ಕಪಾಟು ಇರುತ್ತದೆ: ಹೊಳೆಯುವ ಕಾಗದದ ಕೇಕ್ ಅಲಂಕಾರದ ಕೈಪಿಡಿಗಳು, ಇಟ್ಟಿಗೆಯಷ್ಟು ತೂಕದ ಬ್ರೆಡ್ ಗ್ರಂಥಗಳು, ಟಿವಿ ಸ್ಪರ್ಧೆಗಳಿಂದ ಹುಟ್ಟಿಕೊಂಡ ಪುಸ್ತಕಗಳು. ನಾಲ್ಕು ಹೆಜ್ಜೆ ಆಚೆ, ಕಾದಂಬರಿಗಳ ಸಾಲಿನಲ್ಲಿ, ಮುಖಪುಟದ ಮೇಲೆ ಒಂದು ಕಪ್‌ಕೇಕು, ಒಂದು ಬೆಕ್ಕು, ಮೂಲೆಯಲ್ಲೆಲ್ಲೋ ಒಂದು ಚಾಕು. ಇವು ಕೋಝಿ ಮಿಸ್ಟರಿಗಳು. ಬೇಕರಿ ನಡೆಸುವ ಹೆಂಗಸು ಕೊಲೆ ಪತ್ತೆಮಾಡುವ ಕತೆಗಳು. ಓವನ್ನೇ ಇಲ್ಲದ ಮನೆಯವರೂ ಎರಡೂ ಬಗೆಯವನ್ನು ಕೊಳ್ಳುತ್ತಾರೆ. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಈ ಪುಸ್ತಕಗಳು ಮಾರುತ್ತಿರುವುದು ಒಂದೇ ಭರವಸೆಯನ್ನು: ಹೇಳಿದ್ದನ್ನು ಹೇಳಿದ ಕ್ರಮದಲ್ಲಿ ಮಾಡಿ, ಎಲ್ಲ ಸರಿಹೋಗುತ್ತದೆ. ಈ ಭರವಸೆಯನ್ನು ಯಾವ ಪುಸ್ತಕ ಎಷ್ಟು ಪ್ರಾಮಾಣಿಕವಾಗಿ ಕೊಡುತ್ತದೆ ಎಂದು ಕೇಳಿಕೊಂಡರೆ, ನಾವು ಸಾಮಾನ್ಯವಾಗಿ ಗೌರವ ಕೊಡುವ ಪುಸ್ತಕಗಳೂ ಮೂಗು ಮುರಿಯುವ ಪುಸ್ತಕಗಳೂ ಜಾಗ ಬದಲಿಸಿಕೊಳ್ಳಬೇಕಾದೀತು.

ಭರವಸೆ ಮೊದಲಿನಿಂದ ಇರಲಿಲ್ಲ. ಇಂಗ್ಲೆಂಡು ಅಮೆರಿಕಗಳ ಹಳೆಯ ಅಡುಗೆ ಪುಸ್ತಕಗಳು ಗೊತ್ತಿದ್ದವರಿಗೆ ನೆನಪು ಮಾಡಿಕೊಡುವ ಟಿಪ್ಪಣಿಗಳಂತಿದ್ದವು. ಮೊಟ್ಟೆಯ ಗಾತ್ರದಷ್ಟು ಬೆಣ್ಣೆ, ಹದವಾದ ಒಲೆ, ಬೇಯುವಷ್ಟು ಹೊತ್ತು. ಒಲೆ ಹದವಾಗಿದೆಯೇ ಎಂದು ನೋಡಲು ಒಳಗೆ ಕೈಯಿಟ್ಟು ಎಷ್ಟು ಹೊತ್ತು ತಡೆಯಬಹುದೆಂದು ಎಣಿಸುವುದಿತ್ತು. ಕಾಗದದ ಚೂರಿಟ್ಟು ಅದು ಕಂದಾಗುವ ವೇಗ ನೋಡುವುದಿತ್ತು. 1845ರಲ್ಲಿ ಎಲೈಜಾ ಆ್ಯಕ್ಟನ್ ತಮ್ಮ ‘ಮಾಡರ್ನ್ ಕುಕರಿ’ಯಲ್ಲಿ ಪ್ರತಿ ಪಾಕದ ಕೊನೆಗೆ ಸಾಮಾನುಗಳನ್ನೂ ಅವುಗಳ ಅಳತೆಯನ್ನೂ ಹಿಡಿಯುವ ಹೊತ್ತನ್ನೂ ಬೇರೆಯಾಗಿ ಬರೆದರು. ಅದಕ್ಕೂ ಮುಂಚೆ ಅವರು ಕವಿತೆ ಪ್ರಕಟಿಸಿದ್ದವರು. ಇಂಗ್ಲಿಷ್ ಸಾಹಿತ್ಯ ಚರಿತ್ರೆ ಅವರ ಕವಿತೆಗಳನ್ನು ಮರೆತಿದೆ, ಈ ಪಟ್ಟಿ ಮಾತ್ರ ಇಂದಿನ ಪ್ರತಿಯೊಂದು ಅಡುಗೆ ಪುಸ್ತಕದಲ್ಲೂ ಉಳಿದಿದೆ. 1896ರಲ್ಲಿ ಬಾಸ್ಟನ್ನಿನ ಅಡುಗೆ ಶಾಲೆಯ ಫ್ಯಾನಿ ಫಾರ್ಮರ್ ಇನ್ನೂ ಮುಂದೆ ಹೋಗಿ, ಬಟ್ಟಲೂ ಚಮಚವೂ ಮೇಲೆ ಸವರಿ ಸಮ ಮಾಡಿದ ಅಳತೆಯವೇ ಆಗಬೇಕೆಂದು ಹಟ ಹಿಡಿದರು. ಪ್ರಕಾಶಕರಾದ ಲಿಟ್ಲ್ ಬ್ರೌನ್ ಸಂಸ್ಥೆಗೆ ಇದು ಮಾರಾಟವಾದೀತೆಂಬ ನಂಬಿಕೆ ಇರಲಿಲ್ಲ. ಮೊದಲ 3,000 ಪ್ರತಿಗಳ ಖರ್ಚನ್ನು ಫಾರ್ಮರ್ ಅವರೇ ಹಾಕಿಕೊಳ್ಳಬೇಕಾಯಿತು. ಹಾಗಾಗಿ ಹಕ್ಕೂ ಲಾಭವೂ ಅವರ ಬಳಿಯೇ ಉಳಿದವು, ಪುಸ್ತಕ ಲಕ್ಷಗಟ್ಟಲೆ ಹೋಯಿತು. 1920ರ ದಶಕದಲ್ಲಿ ಮನೆಬಳಕೆಯ ಗ್ಯಾಸ್ ಓವನ್ನುಗಳಿಗೆ ಥರ್ಮೋಸ್ಟಾಟ್ ಬಂದ ಮೇಲೆ ಕೈಯಿಟ್ಟು ಎಣಿಸುವ ಕಾಲವೂ ಮುಗಿಯಿತು. ಎಲ್ಲಿಯೋ ಒಬ್ಬರು ಮಾಡಿದ ಕೇಕನ್ನು, ಅವರ ಮುಖವನ್ನೇ ನೋಡದ ಇನ್ನೊಬ್ಬರು ಇನ್ನೊಂದು ಊರಿನಲ್ಲಿ ಮತ್ತೆ ಮಾಡಬಹುದು ಎಂಬ ನಂಬಿಕೆ ಹೀಗೆ ಕಟ್ಟಿಕೊಂಡದ್ದು.

ಇದನ್ನು ಸಣ್ಣ ಸಂಗತಿ ಎನ್ನಬಾರದು. ಅತ್ತೆಯೋ ಅಮ್ಮನೋ ಪಕ್ಕದಲ್ಲಿ ನಿಂತು ಹೇಳಿಕೊಡದ ಹೆಣ್ಣುಮಗಳಿಗೆ, ವಲಸೆ ಬಂದವಳಿಗೆ, ಯಾರ ಅಡುಗೆಮನೆಗೂ ಸೇರದ ಗಂಡಸಿಗೆ ಅಳತೆಯ ಪುಸ್ತಕ ಗುರುವಿನ ಜಾಗ ತುಂಬಿತು. ಆದರೆ ಫಾರ್ಮರ್ ಅವರ ಬಟ್ಟಲಿನಲ್ಲೇ ಒಂದು ಬಿರುಕಿತ್ತು. ಅಮೆರಿಕದ ಒಂದು ಕಪ್ ಹಿಟ್ಟು ಎಂದರೆ, ಹಗುರವಾಗಿ ಚಮಚದಿಂದ ತುಂಬಿದರೆ ಸುಮಾರು 120 ಗ್ರಾಂ. ಡಬ್ಬಿಯೊಳಗೆ ಕಪ್ಪನ್ನೇ ಮುಳುಗಿಸಿ ತೆಗೆದರೆ 150 ಗ್ರಾಂ ಸಮೀಪ. ಮೂರು ಕಪ್ಪಿನ ಕೇಕಿನಲ್ಲಿ ಈ ವ್ಯತ್ಯಾಸ 90 ಗ್ರಾಂ. ಪುಸ್ತಕ ಹೇಳಿದಂತೆಯೇ ಮಾಡಿದರೂ ಕೇಕು ಒಣಗಿ ಬಂತೆಂದು ದೂರುವವರಲ್ಲಿ ಬಹುಪಾಲು ಮಂದಿ ತಪ್ಪೇ ಮಾಡಿರುವುದಿಲ್ಲ. ನಿಖರವಾಗಿ ಕಾಣುವ ಅಳತೆ ನಿಖರವಾಗಿರಲಿಲ್ಲ, ಅಷ್ಟೆ.

ಅಲಂಕಾರದ ಕೈಪಿಡಿಗಳ ವಿಷಯಕ್ಕೆ ಬಂದರೆ ಈ ಬಿರುಕು ಕಂದಕವಾಗುತ್ತದೆ. 1934ರಲ್ಲಿ ಜೋಸೆಫ್ ಲ್ಯಾಂಬೆತ್ ಪ್ರಕಟಿಸಿದ ಪುಸ್ತಕ ಈ ಪ್ರಕಾರದ ಮೂಲಗಳಲ್ಲೊಂದು. ಐಸಿಂಗ್‌ನಿಂದ ಒಂದು ಗೆರೆ ಎಳೆಯುವುದು, ಅದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೂ ಸಣ್ಣದೊಂದು. ಹೀಗೆ ಪದರ ಪದರವಾಗಿ ಸಕ್ಕರೆಯ ಜಾಲರಿ ಎಬ್ಬಿಸುವುದು ಅವರ ಪದ್ಧತಿ. ನೋಡಿದರೆ ದೇವಸ್ಥಾನದ ಕಲ್ಲುಕೆತ್ತನೆ ನೆನಪಾಗಬೇಕು. ಇತ್ತೀಚೆಗೆ ಇನ್‌ಸ್ಟಾಗ್ರಾಂ ಪುಣ್ಯದಿಂದ ಹಳೆಯ ಲ್ಯಾಂಬೆತ್ ಶೈಲಿ ಹುಟ್ಟುಹಬ್ಬದ ಕೇಕುಗಳ ಮೇಲೆ ಮತ್ತೆ ಕಾಣಿಸಿಕೊಂಡಿದೆ. ಆದರೆ ಪೈಪಿಂಗ್ ಬ್ಯಾಗನ್ನು ಎಷ್ಟು ಒತ್ತಬೇಕು, ಯಾವ ಕ್ಷಣದಲ್ಲಿ ಒತ್ತಡ ಬಿಡಬೇಕು, ಐಸಿಂಗ್ ಎಷ್ಟು ಗಟ್ಟಿಯಿದ್ದರೆ ಗೆರೆ ತುಂಡಾಗದು ಎಂಬುದನ್ನು ಯಾವ ಛಾಯಾಚಿತ್ರ ಹೇಳುತ್ತದೆ? ಅದು ಕೈ ಕಲಿಯಬೇಕಾದ ವಿದ್ಯೆ. ಷಿಕಾಗೋದಲ್ಲಿ 1929ರಲ್ಲಿ ಶುರುವಾದ ವಿಲ್ಟನ್ ಸಂಸ್ಥೆಗೆ ಇದು ಚೆನ್ನಾಗಿ ಗೊತ್ತಿತ್ತು. ಮೊದಲು ಕಲಿಸಿತು, ಆಮೇಲೆ ಪುಸ್ತಕ ಹೊರಡಿಸಿತು, ಪುಸ್ತಕದ ಜೊತೆಗೆ ನಂಬರು ಹಾಕಿದ ನಾಝಲ್‌ಗಳನ್ನೂ ಟಿನ್‌ಗಳನ್ನೂ ಮಾರಿತು. ಇಂಥ ಗುಲಾಬಿಗೆ ಇಂಥ ನಂಬರಿನ ನಾಝಲ್ ಎಂದು ಸೂಚಿಸುವ ಪುಟ ಪಾಠವೂ ಹೌದು, ಮಾಲಿನ ಪಟ್ಟಿಯೂ ಹೌದು. ಅವರನ್ನಾದರೂ ಕ್ಷಮಿಸಬಹುದು, ತರಗತಿಗಳಿದ್ದವು. ಈಗ ಬರುವ ದುಬಾರಿ ಅಲಂಕಾರದ ಪುಸ್ತಕಗಳಲ್ಲಿ ಬಹಳಷ್ಟು ಅಷ್ಟೂ ಮಾಡುವುದಿಲ್ಲ. ಆರು ಚಿತ್ರಗಳಲ್ಲಿ ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ ವರ್ಷಗಳ ಅಭ್ಯಾಸ ಅಡಗಿರುತ್ತದೆ. ಪುಸ್ತಕ ಅದನ್ನು ಬಾಯಿಬಿಟ್ಟು ಹೇಳದು. ಬೆಂಗಳೂರಿನ ಡಿಸೆಂಬರ್ ಕೇಕ್ ಷೋದಲ್ಲಿ ಸಕ್ಕರೆಯ ಅರಮನೆ, ಗೋಪುರಗಳನ್ನು ನೋಡಲು ಸರತಿಯಲ್ಲಿ ನಿಲ್ಲುವ ಜನಕ್ಕೆ ತಾವು ನೋಡುತ್ತಿರುವುದು ಪ್ರದರ್ಶನ ಎಂಬ ಅರಿವಿರುತ್ತದೆ. ಪುಸ್ತಕ ಅದೇ ಪ್ರದರ್ಶನವನ್ನು ಪಾಠವೆಂದು ಕೂಗಿ ಮಾರುತ್ತದೆ. ನನ್ನ ತಕರಾರು ಅಷ್ಟಕ್ಕೆ.

ಭರವಸೆಯನ್ನು ಉಳಿಸಿಕೊಳ್ಳಬೇಕಾದರೆ ಪುಸ್ತಕ ಕಾರಣ ಹೇಳಬೇಕು. ರೋಸ್ ಲೆವಿ ಬೆರನ್‌ಬಾಮ್ ಅವರ ‘ದಿ ಕೇಕ್ ಬೈಬಲ್’ 1988ರಲ್ಲಿ ಬಂತು. ಹಿಟ್ಟನ್ನು ಜರಡಿ ಹಿಡಿಯುವುದರಿಂದ ಕೇಕಿನ ಗುಣ ಬದಲಾಗುತ್ತದೆಯೇ ಎಂಬ ವಿಷಯದ ಮೇಲೆ ಸ್ನಾತಕೋತ್ತರ ಪ್ರಬಂಧ ಬರೆದಿದ್ದವರು ಅವರು. ಅಂಥವರ ಪುಸ್ತಕದಲ್ಲಿ ಸುಮ್ಮನೆ ಹೇಳಿದ ಮಾತಿಗೆ ಜಾಗ ಕಡಿಮೆ. ಸಾಮಾನುಗಳ ತೂಕವನ್ನು ಕಪ್ಪಿನ ಅಳತೆಯ ಪಕ್ಕದಲ್ಲೇ ಕೋಷ್ಟಕವಾಗಿ ಕೊಟ್ಟರು. ಬೆಣ್ಣೆ ಸಕ್ಕರೆಗಳನ್ನು ಮೊದಲು ಉಜ್ಜುವ ರೂಢಿಯನ್ನು ಬಿಟ್ಟು, ಒಣ ಹಿಟ್ಟಿಗೇ ಬೆಣ್ಣೆ ಸೇರಿಸುವ ಕ್ರಮವನ್ನು ಜನಪ್ರಿಯಗೊಳಿಸಿದರು. ಬೆಣ್ಣೆ ಹಿಟ್ಟಿನ ಕಣಗಳಿಗೆ ಲೇಪವಾದರೆ ನೀರು ತಾಗಿ ಗ್ಲುಟೆನ್ ಎಳೆಯಾಗುವುದು ತಗ್ಗುತ್ತದೆ, ಕೇಕು ಮೃದುವಾಗುತ್ತದೆ ಎಂಬ ಕಾರಣವನ್ನೂ ಕೊಟ್ಟರು. ಕಾರಣ ತಿಳಿದವರಿಗೆ ಪುಸ್ತಕದಲ್ಲಿಲ್ಲದ ಸನ್ನಿವೇಶ ಎದುರಾದಾಗಲೂ ದಾರಿ ಕಾಣುತ್ತದೆ. ಇನ್ನೊಂದು ತುದಿಯಲ್ಲಿ ಎಲಿಜಬೆತ್ ಡೇವಿಡ್ ಅವರ 1977ರ ‘ಇಂಗ್ಲಿಷ್ ಬ್ರೆಡ್ ಅಂಡ್ ಯೀಸ್ಟ್ ಕುಕರಿ’ ಇದೆ. ಬ್ರೆಡ್ ಮಾಡಲು ಅವಸರಪಡುವವರು ಅದನ್ನು ಕೊಳ್ಳಬಾರದು. ಪಾಕವಿಧಾನಗಳಿಗೆ ಮುಂಚೆ ಗೋಧಿ, ಗಿರಣಿ, ಒಲೆ, ಈಸ್ಟುಗಳ ಚರಿತ್ರೆಯೇ ಒಂದು ಪೂರ್ತಿ ಭಾಗವಾಗಿ ನಿಂತಿದೆ. 1961ರಲ್ಲಿ ಇಂಗ್ಲೆಂಡಿನ ಚಾರ್ಲಿವುಡ್‌ನಲ್ಲಿ ರೂಪುಗೊಂಡ, ಹಿಟ್ಟನ್ನು ಯಂತ್ರದ ವೇಗದಿಂದ ನಿಮಿಷಗಳಲ್ಲಿ ಸಿದ್ಧಪಡಿಸುವ ವಿಧಾನ ಬ್ರಿಟನ್ನಿನ ಬ್ರೆಡ್ಡನ್ನು ಏನು ಮಾಡಿತು ಎಂಬ ಸಿಟ್ಟು ಆ ಪುಸ್ತಕದ ಬೆನ್ನೆಲುಬು. ಪಾಕಪುಸ್ತಕವೊಂದು ಇಡೀ ಕೈಗಾರಿಕೆಯ ಜೊತೆ ಜಗಳಕ್ಕೆ ನಿಲ್ಲುವುದು ಅಪರೂಪ. ಓದುವುದಕ್ಕೆ ಮಜವಾಗಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಕೊಲೆಗಳ ಕಡೆ.

1950ರಲ್ಲಿ ಬಂದ ಅಗಾಥಾ ಕ್ರಿಸ್ಟಿಯ ‘ಎ ಮರ್ಡರ್ ಈಸ್ ಅನೌನ್ಸ್ಡ್’ ಕಾದಂಬರಿಯಲ್ಲಿ ಒಂದು ಚಾಕೊಲೇಟ್ ಕೇಕು ಬರುತ್ತದೆ. ಯುದ್ಧದಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತೆ ಮಿಟ್ಜಿ ಅದನ್ನು ಮಾಡುವವಳು. ಮನೆಯವರು ಅದಕ್ಕೆ ಇಟ್ಟ ಹೆಸರು ‘ಡಿಲೀಷಿಯಸ್ ಡೆತ್’. ಇಂದು ಓದುವವರಿಗೆ ಇದೊಂದು ಚೇಷ್ಟೆ. ಅಂದಿನ ಬ್ರಿಟಿಷ್ ಓದುಗರಿಗೆ ಆ ಕೇಕು ಬೇರೆಯೇ ಆಗಿತ್ತು. ಯುದ್ಧ ಮುಗಿದು ಐದು ವರ್ಷವಾಗಿದ್ದರೂ ಬೆಣ್ಣೆ, ಸಕ್ಕರೆ ರೇಷನ್ನಿನಲ್ಲಿದ್ದವು; ಸಕ್ಕರೆಗೆ 1953ರವರೆಗೆ, ರೇಷನ್ ಪೂರ್ತಿ ಮುಗಿಯುವುದಕ್ಕೆ 1954ರವರೆಗೆ ಕಾಯಬೇಕಾಯಿತು. ಅಂಥ ದೇಶದಲ್ಲಿ ಚಾಕೊಲೇಟು, ಬೆಣ್ಣೆ, ಸಕ್ಕರೆ, ಒಣದ್ರಾಕ್ಷಿ ಸುರಿದು ಮಾಡಿದ ಕೇಕು ಸ್ವತಃ ಒಂದು ಹಗರಣ. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿ ವಿಷಗಳ ಅಳತೆಯನ್ನು ಕರಾರುವಾಕ್ಕಾಗಿ ಕಲಿತಿದ್ದ ಕ್ರಿಸ್ಟಿಗೆ ಓದುಗರ ಅನುಮಾನವನ್ನು ಎಲ್ಲಿಗೆ ತಿರುಗಿಸಬೇಕೆಂದು ಗೊತ್ತಿತ್ತು. ಎಲ್ಲರ ಕಣ್ಣು ಕೇಕಿನ ಮೇಲಿರುತ್ತದೆ. ಕೇಕು ತಿಂದು ಯಾರೂ ಸಾಯುವುದಿಲ್ಲ. ಸಾವು ಬರುವುದು ಹಾಸಿಗೆಯ ಪಕ್ಕದ ಮಾತ್ರೆಯ ಸೀಸೆಯಿಂದ.

ಅಮೆರಿಕದ ಲೇಖಕಿಯರು ಕೇಕನ್ನು ಅನುಮಾನದಿಂದ ಪೂರ್ತಿ ಬಿಡಿಸಿ, ಕತೆಯ ನಡುವೆ ಕೂರಿಸಿದರು. 1982ರಲ್ಲಿ ವರ್ಜೀನಿಯಾ ರಿಚ್, 1990ರಲ್ಲಿ ಡಯಾನ್ ಮಾಟ್ ಡೇವಿಡ್‌ಸನ್, 2000ದಲ್ಲಿ ‘ಚಾಕೊಲೇಟ್ ಚಿಪ್ ಕುಕಿ ಮರ್ಡರ್’ನೊಂದಿಗೆ ಜೋವಾನ್ ಫ್ಲೂಕ್. ಫ್ಲೂಕ್ ಅವರ ನಾಯಕಿ ಹನ್ನಾ ಸ್ವೆನ್ಸನ್ ಮಿನೆಸೊಟಾದ ಲೇಕ್ ಈಡನ್ ಎಂಬ ಕಲ್ಪಿತ ಊರಿನಲ್ಲಿ ‘ದಿ ಕುಕಿ ಜಾರ್’ ಎಂಬ ಅಂಗಡಿ ನಡೆಸುತ್ತಾಳೆ. ಹಾಲಿನ ಡೇರಿಯ ಡೆಲಿವರಿ ಹುಡುಗ ಅಂಗಡಿಯ ಹಿಂದೆ ಗುಂಡೇಟಿನಿಂದ ಸತ್ತು ಬಿದ್ದಿರುತ್ತಾನೆ, ಸುತ್ತ ಅವಳದೇ ಕುಕಿಗಳು ಚೆಲ್ಲಿರುತ್ತವೆ. ಕತೆಯ ನಡುನಡುವೆ ಆ ಕುಕಿಗಳನ್ನು ಮಾಡುವ ವಿಧಾನವೂ ಅಚ್ಚಾಗಿದೆ. ಸರಣಿ ಇಪ್ಪತ್ತೈದು ಪುಸ್ತಕ ದಾಟಿತು, ಹಾಲ್‌ಮಾರ್ಕ್ ವಾಹಿನಿ ಟಿವಿ ಚಿತ್ರಗಳನ್ನೂ ಮಾಡಿತು.

ಪತ್ತೆದಾರಿಕೆಗೆ ಬೇಕರಿ ಒಳ್ಳೆಯ ಜಾಗ ಎಂಬುದನ್ನು ಒಪ್ಪಬೇಕು. ಬೇಕರಿಯವರು ಊರಿಗಿಂತ ಮೊದಲು ಏಳುತ್ತಾರೆ. ಬೆಳಗಿನ ಜಾವ ಯಾವ ಮನೆಯ ದೀಪ ಉರಿಯುತ್ತಿತ್ತು, ಯಾವ ಗಾಡಿ ಹೋಯಿತು ಎಂದು ಅವರಿಗೆ ತಿಳಿಯುತ್ತದೆ. ಪಾದ್ರಿಯಿಂದ ಹಿಡಿದು ಪೋಲೀಸಿನವರೆಗೆ ಎಲ್ಲರೂ ಬರುತ್ತಾರೆ, ನಿಲ್ಲುತ್ತಾರೆ, ಬಾಯಿಬಿಡುತ್ತಾರೆ. ಇದಕ್ಕಿಂತ ನನಗೆ ಕುತೂಹಲದ್ದು ಆ ಪಾಕವಿಧಾನ. ಕೊಲೆಗಾರ ಇಂಥವನೇ ಎಂದು ಲೇಖಕಿ ಹೇಳಿದರೆ ನಂಬದೆ ಬೇರೆ ದಾರಿಯಿಲ್ಲ. ಕುಕಿ ಹೇಳಿದಂತೆ ಆಗುತ್ತದೆಯೇ ಎಂಬುದನ್ನು ಮಾತ್ರ ಮನೆಯಲ್ಲೇ ಪರೀಕ್ಷಿಸಬಹುದು. ಇಡೀ ಕಾದಂಬರಿಯಲ್ಲಿ ಸುಳ್ಳೆಂದು ಸಾಬೀತಾಗಬಹುದಾದ ಒಂದೇ ಪುಟ ಅದು, ಲೇಖಕಿ ಅದನ್ನು ಓದುಗರ ಕೈಗೆ ಕೊಟ್ಟುಬಿಡುತ್ತಾಳೆ. ಕೊಲೆಯೂ ಓವನ್ನಿಗೆ ಹೋದ ಕೇಕೂ ಒಂದು ವಿಷಯದಲ್ಲಿ ಸಮ, ಆದದ್ದನ್ನು ವಾಪಸು ತೆಗೆದುಕೊಳ್ಳಲಾಗದು. ಕೆಟ್ಟ ಕೇಕನ್ನಾದರೆ ನಾಳೆ ಹೊಸದಾಗಿ ಮಾಡಬಹುದು. ಪಾಕವಿಧಾನ ಕೊಡುವ ಸಮಾಧಾನ ಅದು.

ಕೊಲೆಯನ್ನು ಕಾಫಿಯ ಜೊತೆಗಿನ ಕುರುಕು ಮಾಡಿದ್ದಾರೆ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಪ್ರತಿ ಪುಸ್ತಕಕ್ಕೊಂದು ಹೆಣ ಬೀಳುತ್ತಿರುವ ಆ ಪುಟ್ಟ ಊರಿನಲ್ಲಿ ಜನ ಇನ್ನೂ ಹೇಗೆ ವಾಸವಿದ್ದಾರೆ ಎಂದು ಕೇಳಬೇಕಾಗುತ್ತದೆ. ಸತ್ತವನಿಗಾಗಿ ಯಾರೂ ಎರಡು ಪುಟಕ್ಕಿಂತ ಹೆಚ್ಚು ಅಳುವುದಿಲ್ಲ. ಇಂಥ ಸರಣಿಗಳಲ್ಲಿ ಅರ್ಧಕ್ಕರ್ಧ ಬರೆಯದಿದ್ದರೂ ನಡೆಯುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಆದರೆ ಕೋಝಿ ಮಿಸ್ಟರಿ ತಾನು ಕೊಡುತ್ತಿರುವುದು ಸಮಾಧಾನ ಎಂದು ಮುಖಪುಟದ ಮೇಲೆಯೇ ಬರೆದುಕೊಂಡಿರುತ್ತದೆ. ಜಗತ್ತು ಹೀಗಿದೆ ಎಂದು ಅದು ವಾದಿಸುವುದಿಲ್ಲ. ನಮ್ಮಲ್ಲೂ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಂಡಿತರು ಇದೇ ರೀತಿ ಆಚೆಗಿಟ್ಟಿದ್ದರು. ನಾಲ್ಕನೆಯ ತರಗತಿಗೆ ಓದು ನಿಲ್ಲಿಸಿದ ಆ ಲೇಖಕರು ಬರೆದ ನೂರಾರು ಕಾದಂಬರಿಗಳು ಎಷ್ಟು ಜನರಿಗೆ ಕನ್ನಡ ಓದುವ ಚಟ ಹಿಡಿಸಿದವು ಎಂಬುದನ್ನು ಆಮೇಲೆ ಒಪ್ಪಿಕೊಂಡೆವು. ದುಬಾರಿ ಅಲಂಕಾರದ ಪುಸ್ತಕ ಕಲಿಸುತ್ತೇನೆಂದು ಹೇಳಿ ಬರೀ ತೋರಿಸಿ ಕಳಿಸುತ್ತದೆ. ಅಗ್ಗದ ಕೋಝಿ ರಂಜಿಸುತ್ತೇನೆಂದು ಹೇಳಿ, ಒಂದು ಕುಕಿ ಮಾಡುವುದನ್ನಾದರೂ ಹೇಳಿಕೊಡುತ್ತದೆ. ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ ನನಗೆ ಹೆಚ್ಚು ಯೋಚಿಸಬೇಕಾಗಿಲ್ಲ.

ಇಷ್ಟು ಹೊತ್ತು ಮಾತೆಲ್ಲ ಇಂಗ್ಲಿಷ್ ಪುಸ್ತಕಗಳದ್ದಾಯಿತು. ಹಿಟ್ಟು ಬೇಯಿಸುವುದನ್ನು ಬರೆದಿಡುವ ಅಭ್ಯಾಸ ಕನ್ನಡಕ್ಕೆ ಹೊಸದೇನಲ್ಲ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ವಾರ್ಧಕ ಷಟ್ಪದಿಯಲ್ಲಿ ರಚಿಸಿದ ‘ಸೂಪಶಾಸ್ತ್ರ’ದ ಮೊದಲ ಅಧ್ಯಾಯವೇ ಪಿಷ್ಟಪಾಕ, ಮೇಲೂ ಕೆಳಗೂ ಕೆಂಡವಿಟ್ಟು ಬೇಯಿಸುವ ರೊಟ್ಟಿ ಅದರಲ್ಲಿದೆ. ಓವನ್ ಮಾಡುವ ಕೆಲಸವೂ ಅದೇ. ಆದರೆ ಕರ್ನಾಟಕದಲ್ಲಿ ಬೇಕರಿ ಬೆಳೆದದ್ದು ಪುಸ್ತಕದಿಂದಲ್ಲ. 19ನೇ ಶತಮಾನದ ಕೊನೆಯಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಶುರುವಾಗಿ, ಹಾಸನ ಜಿಲ್ಲೆಯ ಊರುಗಳಿಂದ ಬಂದ ಕುಟುಂಬಗಳ ಕೈಯಲ್ಲಿ ರಾಜ್ಯದ ಮೂಲೆಮೂಲೆಗೂ ಹರಡಿದ ಅಯ್ಯಂಗಾರ್ ಬೇಕರಿಗಳು ಖಾರಾ ಬನ್ನು, ದಿಲ್‌ಪಸಂದ್, ಹನಿ ಕೇಕು, ಬೆಣ್ಣೆ ಬಿಸ್ಕತ್ತುಗಳನ್ನು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ದಾಟಿಸಿದವು. ಮೊಟ್ಟೆ ಹಾಕದೆ ಕೇಕು ಮಾಡುವ ಒಂದು ಇಡೀ ವಿದ್ಯೆ ಆ ಭಟ್ಟಿಗಳ ಮುಂದೆ ರೂಪುಗೊಂಡಿತು. ಇಂಗ್ಲಿಷ್ ಪುಸ್ತಕಗಳಲ್ಲಿ ಮೊಟ್ಟೆಯಿಲ್ಲದ ಕೇಕಿಗೆ ಮೀಸಲು ಕೊನೆಯ ಅರ್ಧ ಪುಟ. ಆಶ್ಚರ್ಯವೆಂದರೆ, 1843ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಬೇಕಿಂಗ್ ಪೌಡರ್ ತಯಾರಿಸಿದ್ದೇ ಈಸ್ಟೂ ಮೊಟ್ಟೆಯೂ ಒಗ್ಗದ ಹೆಂಡತಿಗಾಗಿ.

ಕೈಯಿಂದ ಕೈಗೆ ದಾಟುವ ವಿದ್ಯೆಗೆ ಪುಸ್ತಕ ಯಾಕೆ ಎಂದು ಕೇಳಬಹುದು. ಪೈಪಿಂಗ್ ಬ್ಯಾಗಿನ ಒತ್ತಡವನ್ನು ಪುಸ್ತಕ ಕಲಿಸದು ಎಂದು ಮೇಲೆ ನಾನೇ ವಾದಿಸಿದ್ದೇನೆ. ಆದರೆ ಕೈಯಿಂದ ಕೈಗೆ ಎನ್ನುವಾಗ ಯಾರ ಕೈಯಿಂದ ಯಾರ ಕೈಗೆ ಎಂಬುದನ್ನೂ ನೋಡಬೇಕು. ಬಂಧುಬಳಗದ, ಊರಿನ ಕಡೆಯ, ರಾತ್ರಿ ಪಾಳಿಯಲ್ಲಿ ಭಟ್ಟಿಯ ಮುಂದೆ ನಿಲ್ಲಬಲ್ಲ ಹುಡುಗರಿಗೆ ಅದು ಸಿಕ್ಕಿತು. ಹುಬ್ಬಳ್ಳಿಯಲ್ಲೋ ಪುತ್ತೂರಿನಲ್ಲೋ ಮನೆಯಲ್ಲಿ ಕೇಕು ಮಾಡಿ ಹುಟ್ಟುಹಬ್ಬದ ಆರ್ಡರ್ ತೆಗೆದುಕೊಳ್ಳುವ ಹೆಣ್ಣುಮಗಳಿಗೆ ಅದು ಸಿಗಲಿಲ್ಲ. ಅವಳಿಗೆ ಸಿಕ್ಕಿದ್ದು ಮಿಲ್ಕ್‌ಮೇಯ್ಡ್ ಡಬ್ಬಿಯ ಜೊತೆಯ ಪಾಕ, ಕುಕ್ಕರಿನ ತಳಕ್ಕೆ ಮರಳು ಹಾಕುವ ಉಪಾಯ, ಈಗ ಯೂಟ್ಯೂಬ್. ವಿಡಿಯೊ ಕೈಯನ್ನು ಪುಸ್ತಕಕ್ಕಿಂತ ಚೆನ್ನಾಗಿ ತೋರಿಸುತ್ತದೆ, ನಿಜ. ಅಳತೆಯಲ್ಲಿ ಮಾತ್ರ ಬಹಳ ವಿಡಿಯೊಗಳು ಫಾರ್ಮರ್‌ಗಿಂತ ಹಿಂದಕ್ಕೆ, ಒಂದು ಬಟ್ಟಲು, ಅಂದಾಜು ಇಷ್ಟು ಎಂಬಲ್ಲಿಗೆ ಹೋಗಿಬಿಟ್ಟಿವೆ. ಮೊಸರಿನ ಹುಳಿಗೂ ಅಡುಗೆ ಸೋಡಾಕ್ಕೂ ಇರುವ ಲೆಕ್ಕ ತಿಳಿಯದಿದ್ದರೆ ಕೇಕಿನಲ್ಲಿ ಸೋಡಾದ ವಾಸನೆ ಉಳಿಯುತ್ತದೆ. ಆರ್ಡರ್ ಕೊಟ್ಟವರು ಎರಡನೆಯ ಸಲ ಬರುವುದಿಲ್ಲ.

ಪುಸ್ತಕ ನಮ್ಮ ಊರಿನದೂ ಆಗಬೇಕು. ಅಮೆರಿಕದ ಪುಸ್ತಕಗಳು ಸುಮಾರು 3,000 ಅಡಿಯಿಂದ ಮೇಲಿನ ಊರುಗಳಿಗೆ ಬೇಕಿಂಗ್ ಪೌಡರ್ ಇಳಿಸಿ, ನೀರು ಏರಿಸಿ ಎಂದು ಪ್ರತ್ಯೇಕ ಟಿಪ್ಪಣಿ ಕೊಡುತ್ತವೆ. ಬೆಂಗಳೂರು ಇರುವುದು ಸರಿಯಾಗಿ ಆ ಎತ್ತರದಲ್ಲಿ, ಮಡಿಕೇರಿ ಇನ್ನೂ ಮೇಲೆ, ಮಂಗಳೂರು ಸಮುದ್ರದ ಮಟ್ಟದಲ್ಲಿ. ಡಿಸೆಂಬರಿನ ಬೆಂಗಳೂರಿನಲ್ಲಿ ಹಿಟ್ಟು ಹುದುಗಲು ಹಿಡಿಯುವ ಹೊತ್ತೂ ಮೇ ತಿಂಗಳ ರಾಯಚೂರಿನಲ್ಲಿ ಹಿಡಿಯುವ ಹೊತ್ತೂ ಒಂದೇ ಅಲ್ಲ. ನಮ್ಮ ಮೈದಾ ಅವರ ಕೇಕಿನ ಹಿಟ್ಟಲ್ಲ. ಕನ್ನಡದಲ್ಲಿ ಅಡುಗೆ ಪುಸ್ತಕಗಳಿಗೆ ಕೊರತೆಯಿಲ್ಲ, ಅವುಗಳ ಕೊನೆಯ ಪುಟಗಳಲ್ಲಿ ಕೇಕೂ ಬಿಸ್ಕತ್ತೂ ಬಂದು ಹೋಗುತ್ತವೆ. ಕಾರಣ ಹೇಳುವ ಪುಸ್ತಕ ಬೇಕಾಗಿದೆ. ಅದಕ್ಕೆ ಬೇಕಾದ ತಿಳಿವಳಿಕೆ ಇಲ್ಲೇ ಇದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಹಿಟ್ಟಿನ ಗಿರಣಿ ಮತ್ತು ಬೇಕಿಂಗ್‌ಗೆಂದೇ ವಿಭಾಗವಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬೇಕರಿ ತರಬೇತಿ ಕೊಡುತ್ತದೆ. ಭಟ್ಟಿಯ ಮುಂದೆ ಆಯುಷ್ಯ ಕಳೆದ ಹಿರಿಯರು ಇನ್ನೂ ಇದ್ದಾರೆ.

ಪ್ರಕಾಶಕರಲ್ಲಿ ನನ್ನ ಕೋರಿಕೆ ಇಷ್ಟು. ಆ ಹಿರಿಯರೊಬ್ಬರನ್ನೂ ಒಬ್ಬ ವಿಜ್ಞಾನಿಯನ್ನೂ ಒಂದು ಮೇಜಿನ ಮುಂದೆ ಕೂರಿಸಿ, ಮೊಟ್ಟೆಯಿಲ್ಲದ ಕೇಕಿನಿಂದ ಖಾರಾ ಬನ್ನಿನವರೆಗೆ ಬರೆಸಿ. ಬಣ್ಣದ ಚಿತ್ರ ಕಡಿಮೆಯಿದ್ದರೂ ಸರಿ, ಅಳತೆ ಗ್ರಾಮಿನಲ್ಲಿರಲಿ, ಕೆಟ್ಟರೆ ಯಾಕೆ ಕೆಟ್ಟಿತು ಎಂಬುದು ಪ್ರತಿ ಪಾಕದ ಕೆಳಗೆ ಇರಲಿ. ಅದು ಬಂದ ಮೇಲೆ ಯಾರಾದರೂ ಹಾಸನದ ಬೇಕರಿಯೊಂದರ ಹಿಂದೆ ಒಂದು ಹೆಣ ಬೀಳಿಸಿ ಕಾದಂಬರಿ ಬರೆದರೆ ಅದನ್ನೂ ಕೊಂಡು ಓದೋಣ.